ಡಿಂಗಿಯ ಔಟ್‌ಬೋರ್ಡ್ ಎಲ್ಲಿಡೋದು: ರೇಲಿಂಗ್ ಮೇಲೋ, ಲಾಕರ್ ಒಳಗೋ?

ಕಡಲದಾರಿ (ಜಯನಗರ):
ಎಲ್ಲರಿಗೂ ನಮಸ್ಕಾರ. ಬೋಟು 31 ಅಡಿಯ ಡೀಸೆಲ್ ಕ್ಯಾಬಿನ್ ಕ್ರೂಸರ್. ಅದಿರೋದು ಮಂಗಳೂರಲ್ಲಿ, ನಾವಿರೋದು ಬೆಂಗಳೂರಲ್ಲಿ. ಗಾಳಿ ತುಂಬೋ ಡಿಂಗಿಗೆ (ಜೊತೆಗಿರೋ ಚಿಕ್ಕ ದೋಣಿಗೆ) 2.5 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗಡೆ ಕಚ್ಚಿಸೋ ಎಂಜಿನ್) ಇದೆ: ಶಾರ್ಟ್ ಶಾಫ್ಟ್, ನೀರಿನಿಂದ ತಂಪಾಗೋದು, 17 ಕೆಜಿ, ಟ್ಯಾಂಕು ಎಂಜಿನ್ ಮೇಲೇ. ಕಾಕ್‌ಪಿಟ್ ಸೀಟಿನಡಿ ದೊಡ್ಡ ಲಾಕರ್ ಇದೆ, ಮಲಗಿಸಿದ್ರೆ ಸರಿಯಾಗಿ ಹಿಡಿಯುತ್ತೆ, ಬಿಸಿಲು, ಉಪ್ಪು ಎರಡೂ ತಾಗಲ್ಲ. ಲಾಕರ್ ಪಕ್ಕದಲ್ಲೇ ಎಂಜಿನ್ ರೂಮು. ಇಲ್ಲಾಂದ್ರೆ ಹಿಂದಿನ ರೇಲಿಂಗು (25 ಎಂಎಂ ಎಸ್‌ಎಸ್, ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್ ಪೈಪು), ಅಥವಾ ಸ್ವಿಮ್ ಪ್ಲಾಟ್‌ಫಾರ್ಮ್ ಮೇಲೊಂದು ಸ್ಟ್ಯಾಂಡು. ಮಳೆಗಾಲಕ್ಕೆ ಕಾರಲ್ಲಿ ಇಲ್ಲಿಗೆ ತರ್ಬೇಕು, ಮನೆ ಅಪಾರ್ಟ್‌ಮೆಂಟಲ್ಲಿ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಲಂಗರು:
ಮೊದಲು ಲಾಕರ್ ಯೋಚನೆ ಬಿಟ್ಬಿಡಿ ಸರ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಟ್ಯಾಂಕ್ ಮುಚ್ಚಳದಿಂದ, ಕಾರ್ಬುರೇಟರ್ ಬೌಲಿನಿಂದ ಒಸರಿದ್ದು ಕೆಳಗಿಳಿದು ಬಿಲ್ಜ್‌ನಲ್ಲಿ (ಬೋಟಿನ ಒಳತಳದಲ್ಲಿ) ಕೂರುತ್ತೆ. ಪೆಟ್ರೋಲ್ ಇನ್‌ಬೋರ್ಡ್ (ಎಂಜಿನ್ ಒಳಗಿರೋ) ಬೋಟಲ್ಲಿ ಆವಿ ಹೊರಹಾಕೋ ಬ್ಲೋವರ್ ಇರುತ್ತೆ, ಸ್ಟಾರ್ಟರ್, ಆಲ್ಟರ್ನೇಟರ್ ಕಿಡಿ ಹೊರಬರದ ಹಾಗೆ ಮಾಡಿರ್ತಾರೆ. ಡೀಸೆಲ್ ಬೋಟಲ್ಲಿ ಸಾಮಾನ್ಯವಾಗಿ ಅದ್ಯಾವುದೂ ಇರಲ್ಲ. ಒಂದು ಸ್ವಿಚ್ಚಿನ ಕಿಡಿ ಸಾಕು. ಒಳಗೇ ಇಡ್ಬೇಕಂದ್ರೆ ಆ ಲಾಕರ್ ಎಂಜಿನ್ ರೂಮಿಗೂ ಕ್ಯಾಬಿನ್ನಿಗೂ ಪೂರ್ತಿ ಸೀಲ್ ಆಗಿರ್ಬೇಕು, ತಳದಿಂದ ನೇರ ಬೋಟಿನ ಹೊರಕ್ಕೆ ಗಾಳಿಕಂಡಿ ಇರ್ಬೇಕು. ಸೀಟಿನಡಿಯ ಲಾಕರುಗಳಲ್ಲಿ ವೈರು, ಹೋಸು ದಾಟೋ ಕಡೆ ಸಂದಿ ಬಿಟ್ಟೇ ಇರ್ತಾರೆ. ಪೆಟ್ರೋಲ್ ಕ್ಯಾನಿಗೂ ಇದೇ ಮಾತು.

ಸ್ವಿಮ್ ಪ್ಲಾಟ್‌ಫಾರ್ಮೂ ಬೇಡ. ಬೋಟು ಓಡುವಾಗ ಹಿಂದೆ ಎದ್ದ ನೀರು, ಡೀಸೆಲ್ ಮಸಿ ಎರಡೂ ಬಡಿಯೋದು ಅಲ್ಲೇ. ನೀರಿನಿಂದ ಮೇಲೆ ಹತ್ತೋರ ಕಾಲಿಗೆ ಪ್ರೊಪೆಲ್ಲರ್ ತಾಗೋದೂ ಅಲ್ಲೇ.

ಹಾಗಾಗಿ ರೇಲಿಂಗೇ ಸರಿ. ಎಂಜಿನ್ ನೆಟ್ಟಗೆ ನೇತಾಡುತ್ತೆ, ಒಳಗಿನ ನೀರು ತಾನೇ ಇಳಿಯುತ್ತೆ, ಆಯಿಲ್ ಸಂಪಿನಲ್ಲೇ (ಎಂಜಿನ್ನಿನ ಆಯಿಲ್ ತೊಟ್ಟಿಯಲ್ಲೇ) ಉಳಿಯುತ್ತೆ. ಜಾಗ ಆರಿಸುವಾಗ ಒಂದು ನೆನಪಿರಲಿ: ಫ್ಲೈವೀಲಿನಲ್ಲಿ ಅಯಸ್ಕಾಂತ ಇದೆ. ಆಟೋಪೈಲಟ್‌ನ ಕಂಪಾಸ್ ಸೆನ್ಸರ್ ಹಿಂಭಾಗದಲ್ಲೇ ಕೂರಿಸಿದ್ರೆ ಎಂಜಿನ್ ಒಂದು ಮೀಟರ್‌ಗಿಂತ ದೂರ ಇರಲಿ.

ಪೀಣ್ಯ ಫಿಟ್ಟರ್:
ಎಂಜಿನ್ನನ್ನ ರೇಲಿಂಗಿಗೆ ತೂಗುಹಾಕೋ ಬ್ರಾಕೆಟ್ ಬಗ್ಗೆ ನಾನು ಹೇಳ್ತೀನಿ. ಪೀಣ್ಯದಲ್ಲಿ ಯಾವ ಎಸ್‌ಎಸ್ ಫ್ಯಾಬ್ರಿಕೇಟರ್ ಆದ್ರೂ ಮಾಡಿಕೊಡ್ತಾರೆ, ಆದ್ರೆ 316 ಗ್ರೇಡೇ ಬೇಕು ಅಂತ ಮೊದಲೇ ಹೇಳಿ. 304 ಆದ್ರೆ ಉಪ್ಪುಗಾಳಿಗೆ ಬೇಗ ಕಂದು ಕಲೆ ಕಟ್ಟುತ್ತೆ. ಅಯಸ್ಕಾಂತ ಇಟ್ಟು ನೋಡಿದ್ರೆ ಎರಡರ ವ್ಯತ್ಯಾಸ ಗೊತ್ತಾಗಲ್ಲ, ಮಾಲಿಬ್ಡಿನಮ್ (316ರಲ್ಲಿ ಬೆರೆಸೋ ಲೋಹ) ಪರೀಕ್ಷೆಯ ದ್ರಾವಣ ಒಂದು ಹನಿ ಬಿಟ್ಟು ನೋಡಿ.

ಎಂಜಿನ್ ಕಚ್ಚಿಕೊಳ್ಳೋ ಹಲಗೆ 40 ಎಂಎಂ ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಇರಲಿ. ಪ್ಲೈವುಡ್ ಆದ್ರೆ ಕ್ಲಾಂಪ್ ಒತ್ತಿದ ಜಾಗದಲ್ಲಿ ಬಣ್ಣ ಒಡೆದು ನೀರು ಕುಡಿದು ಕೊಳೆಯುತ್ತೆ. ಮೇಲಂಚಿನಲ್ಲಿ 10 ಎಂಎಂ ಎತ್ತರದ ತುಟಿ ಬಿಡಿಸಿ. ಸ್ಕ್ರೂ ಸಡಿಲ ಆದ್ರೂ ಎಂಜಿನ್ ಜಾರಿ ಮೇಲೆದ್ದು ಬರಲ್ಲ.

ಬರೀ ಅಡ್ಡ ಪೈಪಿಗೆ ಹಾಕಿದ್ರೆ ಬ್ರಾಕೆಟ್ ತಿರುಗುತ್ತೆ. ಒಂದು ಹಿಡಿತ ಅಡ್ಡ ಪೈಪಿಗೆ, ಇನ್ನೊಂದು ನೆಟ್ಟ ಕಂಬಕ್ಕೆ, ಅಂದ್ರೆ ಬ್ರಾಕೆಟ್ ಕಂಬದ ಪಕ್ಕದಲ್ಲೇ ಬರ್ಬೇಕು. ಎರಡು ಹೋಳಿನ ಕ್ಲಾಂಪು, ಎಂ8 ಬೋಲ್ಟು, ನೈಲಾಕ್ ನಟ್ಟು (ನಡುಕಕ್ಕೆ ಸಡಿಲಾಗದ್ದು), ಪೈಪಿಗೂ ಕ್ಲಾಂಪಿಗೂ ನಡುವೆ 2 ಎಂಎಂ ರಬ್ಬರ್. ಇಷ್ಟೆಲ್ಲ ಮಾಡಿ ಕಂಬದ ಬುಡ ಮರೀಬೇಡಿ. ಅಲೆಗೆ ಬೋಟು ಧೊಪ್ ಅಂತ ಬಿದ್ದಾಗ 17 ಕೆಜಿ ಎಂಜಿನ್ 50 ಕೆಜಿಯಷ್ಟು ಎಳೆಯುತ್ತೆ ಅಂತಲೇ ಲೆಕ್ಕ ಹಿಡೀರಿ. ಬುಡ ಬರೀ ಫೈಬರಿಗೆ ಸ್ಕ್ರೂ ಹೊಡೆದದ್ದಾದ್ರೆ ನಿಲ್ಲಲ್ಲ. ಆರ್‌ಪಾರ್ ಬೋಲ್ಟು, ಕೆಳಗಿಂದ 5 ಎಂಎಂ ಪ್ಲೇಟು ಕೊಡಿ. ಡೆಕ್ ಮೇಲೆ ಬುಡದ ಸುತ್ತ ಕೂದಲೆಳೆಯಂಥ ಬಿರುಕು ಕಂಡ್ರೆ ಅದು ಆಗಲೇ ಅಲುಗಾಡ್ತಿದೆ ಅಂತ ಅರ್ಥ.

ಕಡಲದಾರಿ:
ಲಾಕರ್ ಕೈಬಿಟ್ಟೆ. ಇನ್ನೆರಡು ವಿಷಯ: ಡಿಂಗಿಯಿಂದ ರೇಲಿಂಗಿಗೆ ಎತ್ತೋದು ಹೇಗೆ? ಕಾರಲ್ಲಿ ಯಾವ ಮಗ್ಗುಲಿಗೆ ಮಲಗಿಸೋದು?

ಹಿನ್ನೀರು:
ಅಲುಗಾಡೋ ಡಿಂಗಿಯಲ್ಲಿ ನಿಂತು ಕೈಯಿಂದ ಎತ್ತಿಕೊಡೋದು ಮಾತ್ರ ಬೇಡ. ಬ್ರಾಕೆಟ್ ಪಕ್ಕ ಚಿಕ್ಕ ತಿರುಗುತೋಳು ನಿಲ್ಲಿಸಿ, ನಾಲ್ಕು ಎಳೆಯ ರಾಟೆ ಹಗ್ಗ ಕಟ್ಟಿ. 17 ಕೆಜಿಗೆ ಲೆಕ್ಕದಲ್ಲಿ ನಾಲ್ಕೂಕಾಲು ಕೆಜಿ, ರಾಟೆಯ ತಿಕ್ಕಾಟ ಸೇರಿಸಿದ್ರೂ ಆರೇಳು ಕೆಜಿ ಎಳೆತ ಸಾಕು. ಎಂಜಿನ್ನಿಗೆ ಬೆಲ್ಟಿನ ಹಾರ್ನೆಸ್ ತೊಡಿಸಿ. ಮೇಲಿನ ಕವರ್ ಹಿಡಿದು ಎತ್ತಿದ್ರೆ ಕೊಂಡಿ ಬಿಟ್ಟು ಎಂಜಿನ್ ನೀರಿಗೆ ಹೋಗುತ್ತೆ. ಕ್ರಮ ತಪ್ಪಬಾರದು: ಪೆಟ್ರೋಲ್ ಕಾಕ್, ಮುಚ್ಚಳದ ಗಾಳಿಸ್ಕ್ರೂ ಮುಚ್ಚಿ, ರಾಟೆ ಕೊಕ್ಕೆ ಹಾಕಿ, 8 ಎಂಎಂ ಕಾವಲು ಹಗ್ಗ ಬೋಟಿಗೆ ಕಟ್ಟಿ, ಆಮೇಲಷ್ಟೇ ಕ್ಲಾಂಪ್ ಸ್ಕ್ರೂ ಬಿಚ್ಚಿ. ಇಳಿಸುವಾಗ ಎರಡೂ ಸ್ಕ್ರೂ ಬಿಗಿಯಾದ ಮೇಲೆ ಕೊಕ್ಕೆ ತೆಗೀರಿ. ಡಿಂಗಿ ಹತ್ತು ನಿಮಿಷ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ, ನಡುಕಕ್ಕೆ ಸಡಿಲ ಆಗಿರುತ್ತೆ.

ಮಳೆಗಾಲಕ್ಕೆ ತರೋ ಮುಂಚೆ, ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಪ್ರೊಪೆಲ್ಲರ್ ಮೇಲಿನ ಅಡ್ಡಪ್ಲೇಟ್ ಮುಳುಗುವಷ್ಟು ಇಳಿಸಿ, ಐದರಿಂದ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ. ಕೊನೆಗೆ ಕಾಕ್ ಮುಚ್ಚಿ ತಾನೇ ನಿಲ್ಲೋವರೆಗೆ ಬಿಡಿ. ಆದ್ರೂ ಕಾರ್ಬುರೇಟರ್ ಬೌಲಿನ ತಳದಲ್ಲಿ ಸ್ವಲ್ಪ ಪೆಟ್ರೋಲ್ ಉಳಿಯುತ್ತೆ. ಅಡಿಯ ಸ್ಕ್ರೂ ಬಿಚ್ಚಿ ಅದನ್ನೂ ತೆಗೀರಿ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರಿಕೊಳ್ಳುತ್ತೆ, ತಿಂಗಳುಗಟ್ಟಲೆ ಬಿಟ್ರೆ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತು) ಕಟ್ಟಿಕೊಂಡು ಹಾಳಾಗುತ್ತೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ ಎರಡು ಹನಿ ನೋಡಿ: ಹಾಲಿನ ಬಣ್ಣ ಇದ್ರೆ ಸೀಲ್ ಹೋಗಿದೆ, ಆಗಲೇ ಬದಲಾಯಿಸಿ. ಹೊಸ ಆಯಿಲ್ ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಹೊರಬಂದಾಗ ನಿಲ್ಲಿಸಿ.

ಮಲಗಿಸೋ ಮಗ್ಗುಲು ಮಾಡೆಲ್ ಮೇಲೆ ಹೋಗುತ್ತೆ. ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತೆ, ಎಷ್ಟೋ ಎಂಜಿನ್‌ಗಳಲ್ಲಿ ಆ ಬದಿಗೆ ಸಣ್ಣ ಗುಬಟುಗಳೂ ಇರ್ತವೆ. ಮಗ್ಗುಲು ತಪ್ಪಿದ್ರೆ ಆಯಿಲ್ ಸಿಲಿಂಡರಿಗೂ ಏರ್ ಇನ್‌ಟೇಕಿಗೂ ನುಗ್ಗುತ್ತೆ. ಹಾಗಾದಾಗ ಎಂಜಿನ್ ಸ್ಟಾರ್ಟ್ ಮಾಡೋ ಹಗ್ಗ ಜೋರಾಗಿ ಎಳೀಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮೆಲ್ಲಗೆ ಎಳೆದು ಆಯಿಲ್ ಹೊರಹಾಕಿ. ನೀರು ಇಳಿಯೋವರೆಗೆ ನೆಟ್ಟಗೆ ನಿಲ್ಲಿಸಿ ಆಮೇಲೆ ಮಲಗಿಸಿ. ಎಂಜಿನ್ನಿನ ತಲೆ ಯಾವಾಗಲೂ ಪ್ರೊಪೆಲ್ಲರಿಗಿಂತ ಮೇಲಿರಲಿ, ಶಿರಾಡಿ ಘಾಟ್ ಹತ್ತುವಾಗ ಕಾರು ಓರೆಯಾದ್ರೂ ಸಹ. ಇಲ್ಲಾಂದ್ರೆ ಲೆಗ್‌ನಲ್ಲಿ (ಪ್ರೊಪೆಲ್ಲರ್ ಕಡೆಯ ಉದ್ದ ಕಾಲಲ್ಲಿ) ಉಳಿದ ನೀರು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರಿಗೆ ಹರಿಯುತ್ತೆ.

ಮನೆಯಲ್ಲಿ ಮರದ ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ, ಗಾಳಿಯಾಡೋ ಬಾಲ್ಕನಿಯಲ್ಲಿಡಿ. ಗ್ಯಾಸ್ ಸಿಲಿಂಡರು, ಗ್ಯಾಸ್ ಗೀಸರು ಇರೋ ಕಡೆ ಬೇಡ. ಇಲ್ಲಿ ಡ್ರಮ್ಮಿನಲ್ಲಿ ಓಡಿಸಿ ನೋಡುವಾಗ ಐಡ್ಲಿಂಗ್ ಸ್ವಲ್ಪ ಭಾರ ಅನ್ನಿಸಬಹುದು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಆಗುತ್ತೆ. ಮೆಕ್ಯಾನಿಕ್ ಮಿಕ್ಸ್ಚರ್ ಸ್ಕ್ರೂ ತಿರುಗಿಸೋಕೆ ಹೋದ್ರೆ ತಡೀರಿ. ಇಲ್ಲಿಗೆ ಹೊಂದಿಸಿದ್ದು ಮಂಗಳೂರಿನ ನೀರಲ್ಲಿ ಪೆಟ್ರೋಲ್ ಸಾಲದೆ ಕೆಮ್ಮಿ ನಿಲ್ಲುತ್ತೆ.