ಸಿಗರೇಟು ಬಿಟ್ಟು 6 ದಿನ, ಅಣ್ಣನ ಮನಸ್ಸು ಕುಸಿದಿದೆ. ಇದು ಬಿಟ್ಟಿದ್ದರ ಬಾಧೆಯೋ, ಹಳೆಯ ಖಿನ್ನತೆಯೋ?

ಇಬ್ಬನಿ:

ಎಲ್ಲರಿಗೂ ನಮಸ್ಕಾರ. ಅಣ್ಣನ ಪರವಾಗಿ ಕೇಳುತ್ತಿದ್ದೇನೆ, ಅವನಿಗೆ ಹೇಳಿಯೇ ಬರೆಯುತ್ತಿದ್ದೇನೆ. ವಯಸ್ಸು 38. ದಿನಕ್ಕೆ 20 ಸಿಗರೇಟು ಸೇದುತ್ತಿದ್ದ, ಮೊದಲನೆಯದು ಎದ್ದ ಹತ್ತು ನಿಮಿಷದೊಳಗೆ. ಎರಡು ವರ್ಷದ ಹಿಂದೆ ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ತೆಗೆದುಕೊಂಡು ಗುಣವಾಗಿ, ವೈದ್ಯರು ಹೇಳಿದಂತೆಯೇ ಮಾತ್ರೆ ನಿಲ್ಲಿಸಿದ್ದ. ಈಗ ಯಾವ ಮಾತ್ರೆಯೂ ಇಲ್ಲ. ಸಿಗರೇಟು ಬಿಟ್ಟು ಇವತ್ತಿಗೆ 6 ದಿನ. 2 ಮಿ.ಗ್ರಾಂ ನಿಕೋಟಿನ್ ಗಮ್ ದಿನಕ್ಕೆ ನಾಲ್ಕು ಅಗಿಯುತ್ತಾನೆ, ಅದೂ ತೀರಾ ತಡೆಯಲಾಗದಾಗ ಮಾತ್ರ.

ಸಣ್ಣದಕ್ಕೂ ಸಿಡುಕುತ್ತಾನೆ. ರಾತ್ರಿ ಮೂರಕ್ಕೇ ಎಚ್ಚರ. ಯಾವುದರಲ್ಲೂ ಮನಸ್ಸಿಲ್ಲ, ಮಧ್ಯಾಹ್ನದವರೆಗೆ ಹಾಸಿಗೆ ಬಿಟ್ಟೇಳುವುದಿಲ್ಲ. ಹಸಿವು ಮಾತ್ರ ಮೊದಲಿಗಿಂತ ಹೆಚ್ಚು. "ಒಂದೇ ಒಂದು ಸೇದಿದರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಾನೆ. ಖಿನ್ನತೆ ಮರಳಿ ಬಂತಾ? ಹಾಗಿದ್ದರೆ ಸದ್ಯಕ್ಕೆ ಸೇದಲು ಬಿಟ್ಟು, ಮನಸ್ಸು ಸರಿಯಾದ ಮೇಲೆ ಬಿಡಿಸುವುದು ಒಳ್ಳೆಯದಾ? ಸಿಗರೇಟು ಬಿಡಿಸಲು ಕೊಡುವ ವಾರೆನಿಕ್ಲಿನ್ ಮಾತ್ರೆ ಖಿನ್ನತೆ ಇದ್ದವರಿಗೆ ಅಪಾಯ ಅಂತಲೂ ಕೇಳಿದ್ದೇನೆ.

ಹೊಂಗೆನೆರಳು:

ಇಬ್ಬನಿ ಅವರೇ, ಬೇರೆಲ್ಲಕ್ಕೂ ಮೊದಲು ಅಣ್ಣನನ್ನು ಒಬ್ಬನೇ ಇರುವಾಗ ನೇರವಾಗಿ ಕೇಳಿ: "ಬದುಕಿರುವುದೇ ಬೇಡ ಅನ್ನಿಸುತ್ತಾ? ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತಾ?" ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರಬೇಡಿ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಇವತ್ತೇ ವೈದ್ಯರ ಬಳಿ ಅಥವಾ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಇಲ್ಲ ಅಂದರೆ ಮುಂದೆ ಓದಿ.

ಆರನೇ ದಿನ ಇಷ್ಟು ಕುಸಿದಿರುವುದನ್ನು ಮಾತ್ರ ನೋಡಿ ಖಿನ್ನತೆ ಮರಳಿತು ಎನ್ನಲಾಗದು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಬಿಟ್ಟ ದಿನವೇ ಬಾಧೆ ಶುರು, ಎರಡು ಮೂರನೇ ದಿನಕ್ಕೆ ತಾರಕ, ಮೊದಲ ವಾರವಿಡೀ ಜೋರು, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಮುಖ. ಸಿಡುಕು, ಕಳವಳ, ಚಡಪಡಿಕೆ, ಗಮನ ನಿಲ್ಲದಿರುವುದು, ನಿದ್ದೆಗೇಡು, ಹಸಿವು, ಮನಸ್ಸು ಕುಗ್ಗುವುದು, ಇವೆಲ್ಲ ಒಟ್ಟಿಗೇ ಬರುತ್ತವೆ. ನೀವು ಬರೆದದ್ದು ಹೆಚ್ಚುಕಡಿಮೆ ಇದೇ ಪಟ್ಟಿ. ಹಸಿವು ಹೆಚ್ಚಿರುವುದೂ ಒಂದು ಸುಳಿವು: ಖಿನ್ನತೆಯಲ್ಲಿ ಅನೇಕರಿಗೆ ಊಟವೇ ಸೇರುವುದಿಲ್ಲ (ಕೆಲವರಿಗೆ ಹಸಿವು ಹೆಚ್ಚುವುದೂ ಉಂಟು, ಆದ್ದರಿಂದ ಇದೊಂದನ್ನೇ ನಂಬಬೇಡಿ). ಇನ್ನು ಎಂಟು ಹತ್ತು ದಿನದಲ್ಲಿ ಸಿಡುಕು, ಚಡಪಡಿಕೆ ಇಳಿದು, ಮಂಕು ಮಾತ್ರ ಹಾಗೇ ನಿಂತರೆ ಅಥವಾ ಇನ್ನಷ್ಟು ಗಟ್ಟಿಯಾದರೆ, ಆಗ ಖಿನ್ನತೆಯನ್ನು ಗಂಭೀರವಾಗಿ ಅನುಮಾನಿಸಬೇಕು. "ನನ್ನಿಂದ ಏನೂ ಆಗದು", "ನಾನು ಎಲ್ಲರಿಗೂ ಹೊರೆ" ಎಂಬ ಮಾತು ಶುರುವಾದರೆ ಅಷ್ಟು ದಿನವೂ ಕಾಯಬೇಡಿ. ಹಿಂದೆ ಖಿನ್ನತೆ ಬಂದಿದ್ದವರು ಹೇಗಿದ್ದರೂ ಈ ವಾರದೊಳಗೇ ಹಳೆಯ ವೈದ್ಯರಿಗೆ "ಬಿಟ್ಟಿದ್ದೇನೆ" ಎಂದು ತಿಳಿಸುವುದು ಕ್ಷೇಮ.

ಆದರೆ ನಿಮ್ಮ ಬರಹದಲ್ಲಿ ನನಗೆ ಎದ್ದು ಕಂಡದ್ದು ಗಮ್ಮಿನ ಲೆಕ್ಕ. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು 1 ಮಿ.ಗ್ರಾಂ ನಿಕೋಟಿನ್, ಜೋರಾಗಿ ಎಳೆಯುವವರಿಗೆ ಇನ್ನೂ ಹೆಚ್ಚು. ಅಂದರೆ ದಿನಕ್ಕೆ ಸುಮಾರು 20 ಮಿ.ಗ್ರಾಂ ಸೇರುತ್ತಿತ್ತು. 2 ಮಿ.ಗ್ರಾಂ ಗಮ್ಮಿನಿಂದ ಮೈಗೆ ಸಿಗುವುದು ಅದರ ಅರ್ಧ, ಸುಮಾರು 1 ಮಿ.ಗ್ರಾಂ. ನಾಲ್ಕಕ್ಕೆ ಸುಮಾರು 4 ಮಿ.ಗ್ರಾಂ. ಇಪ್ಪತ್ತರಿಂದ ನಾಲ್ಕಕ್ಕೆ ಒಂದೇ ರಾತ್ರಿ ಇಳಿಸಿದರೆ ಮನಸ್ಸು ಕುಸಿಯದೆ ಇನ್ನೇನು! ಅವನ ಮನೋಬಲ ಕಡಿಮೆಯಾಗಿಲ್ಲ, ಡೋಸ್ ಕಡಿಮೆಯಾಗಿದೆ.

ದಿನಕ್ಕೆ 10ಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ ಚರ್ಮಕ್ಕೆ ಅಂಟಿಸುವ 24 ಗಂಟೆಯ ನಿಕೋಟಿನ್ ಪ್ಯಾಚಿನ ರೂಢಿಯ ಕ್ರಮ: 21 ಮಿ.ಗ್ರಾಂ 6 ವಾರ, 14 ಮಿ.ಗ್ರಾಂ 2 ವಾರ, 7 ಮಿ.ಗ್ರಾಂ 2 ವಾರ. ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ, ತೋಳಿನ ಮೇಲ್ಭಾಗದಲ್ಲೋ ಎದೆಯ ಮೇಲೋ, ದಿನಾ ಹೊಸ ಜಾಗದಲ್ಲಿ ಅಂಟಿಸಿ. ಅದೇ ಜಾಗಕ್ಕೆ ಒಂದು ವಾರ ಹಾಕಬೇಡಿ. ಅದರ ಜೊತೆಗೆ, ತುಡಿತ ಬಂದಾಗ ಈಗಿರುವ 2 ಮಿ.ಗ್ರಾಂ ಗಮ್. ಪ್ಯಾಚ್ ತಳಪಾಯದ ಹಾಗೆ, ಗಮ್ ಮೇಲಿನ ಅಲೆಗಳಿಗೆ. ಎರಡನ್ನೂ ಸೇರಿಸಿದರೆ ಒಂದೊಂದನ್ನೇ ಬಳಸಿದ್ದಕ್ಕಿಂತ ಹೆಚ್ಚು ಜನ ಬಿಡುತ್ತಾರೆ ಎಂಬುದು ಸಂಶೋಧನೆಗಳಲ್ಲಿ ಚೆನ್ನಾಗಿ ಸಾಬೀತಾದ ಮಾತು. ಪ್ಯಾಚ್ ಬೇಡ, ಗಮ್ ಒಂದೇ ಸಾಕು ಅಂದರೆ, ಎದ್ದ 30 ನಿಮಿಷದೊಳಗೆ ಸೇದುತ್ತಿದ್ದವರಿಗೆ 4 ಮಿ.ಗ್ರಾಂ ಬೇಕು, ಮೊದಲ 6 ವಾರ ಒಂದೆರಡು ಗಂಟೆಗೊಂದು, ದಿನಕ್ಕೆ 24 ಮೀರದಂತೆ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಎದೆಬಡಿತದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ಗಮ್ ಅಗಿಯುವುದರಲ್ಲೇ ಬಹಳ ಜನ ತಪ್ಪುತ್ತಾರೆ. ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಅಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿದು, ಬಿಕ್ಕಳಿಕೆ, ಎದೆಯುರಿ, ವಾಕರಿಕೆ ತರುತ್ತದೆ. ಹೊಟ್ಟೆ ಸೇರಿದ್ದರಲ್ಲಿ ಹೆಚ್ಚಿನ ಭಾಗವನ್ನು ಯಕೃತ್ತು ಕರಗಿಸಿಬಿಡುತ್ತದೆ. ನಿಧಾನಕ್ಕೆ ಅಗಿದು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಇಡಬೇಕು. ಚುರುಚುರು ಕಮ್ಮಿಯಾದಾಗ ಮತ್ತೆ ಎರಡು ಸಲ ಅಗಿದು, ಬೇರೆ ಪಕ್ಕಕ್ಕೆ. ಹೀಗೆ 30 ನಿಮಿಷ. ಹದಿನೈದು ನಿಮಿಷ ಮೊದಲಿಂದ, ಬಾಯಲ್ಲಿರುವಷ್ಟು ಹೊತ್ತು, ಕಾಫಿ, ಹಣ್ಣಿನ ರಸ, ಸೋಡಾ ಯಾವುದೂ ಬೇಡ, ಹುಳಿ ಇದ್ದರೆ ನಿಕೋಟಿನ್ ಬಾಯಿಯ ಒಳಚರ್ಮದಲ್ಲಿ ಹೀರುವುದಿಲ್ಲ. ಇನ್ನೊಂದು ಮಾತು, ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಗಮ್ಮಿನದು 20-30 ನಿಮಿಷಕ್ಕೆ. ಆದ್ದರಿಂದ "ತಡೆಯಲಾಗದಾಗ" ಅಗಿದರೆ ತಡವಾಯಿತು. ಕಷ್ಟದ ಹೊತ್ತು ಯಾವುದೆಂದು ಅವನಿಗೇ ಗೊತ್ತಿರುತ್ತದೆ, ಅದಕ್ಕೆ ಅರ್ಧ ಗಂಟೆ ಮೊದಲೇ ಬಾಯಿಗೆ ಹಾಕಿಕೊಳ್ಳಲಿ.

"ಒಂದು ಸೇದಿದರೆ ಸರಿಹೋಗುತ್ತೆ" ಎನ್ನುವುದು ಅರ್ಧ ನಿಜ. ಸರಿಹೋಗುವುದು ಸಿಗರೇಟು ಸಿಗದೆ ಹುಟ್ಟಿದ ಬಾಧೆ, ಖಿನ್ನತೆಯಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 26 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಪರಿಶೀಲನೆಯಲ್ಲಿ, ಸೇದುವುದನ್ನು ಮುಂದುವರಿಸಿದವರಿಗಿಂತ ಬಿಟ್ಟವರಲ್ಲಿ ಖಿನ್ನತೆ, ಆತಂಕ ಎರಡೂ ಕಡಿಮೆಯಾಗಿದ್ದವು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೆಯೇ. ಮತ್ತೆ ಸೇದಲು ಬಿಡಿ ಎಂದು ನಾನಂತೂ ಹೇಳಲಾರೆ.

ಗುಳಿಗೆಪೆಟ್ಟಿಗೆ:

ವಾರೆನಿಕ್ಲಿನ್ ಬಗ್ಗೆ. ಆ ಹೆದರಿಕೆಗೆ ಹಿನ್ನೆಲೆ ಇದೆ. ಅಮೆರಿಕದ ಔಷಧ ಆಡಳಿತವಾದ ಎಫ್‌ಡಿಎ 2009ರಲ್ಲಿ ಅದರ ಮೇಲೆ ಮಾನಸಿಕ ಅಡ್ಡಪರಿಣಾಮಗಳ ಕಪ್ಪು ಚೌಕಟ್ಟಿನ ಎಚ್ಚರಿಕೆ (ಔಷಧದ ಮಾಹಿತಿಪತ್ರದಲ್ಲಿ ಹಾಕುವ ಅತಿ ಗಂಭೀರ ಎಚ್ಚರಿಕೆ) ಹಾಕಿಸಿತ್ತು. ಆಮೇಲೆ ಈಗಲ್ಸ್ ಎಂಬ ದೊಡ್ಡ ಪ್ರಯೋಗ ನಡೆದು 2016ರಲ್ಲಿ ಫಲಿತಾಂಶ ಬಂತು: 8 ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಅರ್ಧದಷ್ಟು ಮಂದಿ ಮಾನಸಿಕ ಕಾಯಿಲೆ ಇದ್ದವರು ಅಥವಾ ಹಿಂದೆ ಇದ್ದವರು. ವಾರೆನಿಕ್ಲಿನ್, ಸಿಗರೇಟು ಬಿಡಿಸುವ ಇನ್ನೊಂದು ಮಾತ್ರೆಯಾದ ಬ್ಯುಪ್ರೊಪಿಯಾನ್, ಪ್ಯಾಚ್, ಔಷಧವಿಲ್ಲದ ಖಾಲಿ ಮಾತ್ರೆ ಹೋಲಿಸಿದಾಗ, ಮಾನಸಿಕ ತೊಂದರೆಯಲ್ಲಿ ಗಮನಾರ್ಹ ಹೆಚ್ಚಳ ಕಾಣಲಿಲ್ಲ. ಬಿಡಿಸುವುದರಲ್ಲಿ ವಾರೆನಿಕ್ಲಿನ್ ಎಲ್ಲಕ್ಕಿಂತ ಮುಂದಿತ್ತು. ಅದೇ ವರ್ಷ ಕೊನೆಗೆ ಆ ಚೌಕಟ್ಟನ್ನು ತೆಗೆದರು. ಆದರೂ ಖಿನ್ನತೆಯ ಹಿನ್ನೆಲೆಯವರನ್ನು ಮನೆಯವರು ಗಮನಿಸುತ್ತಿರಬೇಕು. ಡೋಸ್ ಏರುವುದು ಹೀಗೆ: ಮೊದಲ 3 ದಿನ 0.5 ಮಿ.ಗ್ರಾಂ ಒಂದು ಹೊತ್ತು, 4ರಿಂದ 7ನೇ ದಿನ ಎರಡು ಹೊತ್ತು, 8ರಿಂದ 1 ಮಿ.ಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವ ಸಂಭವ ಹೆಚ್ಚು. ಊಟ ಮುಗಿಸಿ, ಒಂದು ಲೋಟ ತುಂಬ ನೀರಿನೊಂದಿಗೆ. ಕಿಡ್ನಿ ತೊಂದರೆ ತೀವ್ರವಾಗಿದ್ದರೆ ಡೋಸ್ ಇಳಿಸುತ್ತಾರೆ.

ಬ್ಯುಪ್ರೊಪಿಯಾನ್ ಹುಟ್ಟಿದ್ದೇ ಖಿನ್ನತೆಯ ಮಾತ್ರೆಯಾಗಿ, ಸಿಗರೇಟು ಬಿಡಿಸಲು ಆಮೇಲೆ ಬಂತು. ಒಂದೇ ಮಾತ್ರೆಯಲ್ಲಿ ಎರಡು ಕೆಲಸ ಎಂದು ವೈದ್ಯರು ಯೋಚಿಸಬಹುದು. ಆದರೆ ಫಿಟ್ಸ್ ಇದ್ದವರಿಗೆ, ತಿನ್ನುವುದಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇದ್ದವರಿಗೆ, ಕುಡಿತವನ್ನೋ ನಿದ್ದೆ ಮಾತ್ರೆಯನ್ನೋ ಥಟ್ಟನೆ ನಿಲ್ಲಿಸುತ್ತಿರುವವರಿಗೆ ಕೊಡಲೇಬಾರದು. ಅಣ್ಣ ಕುಡಿಯುತ್ತಿದ್ದರೆ ಅದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ಈ ಎಳೆಯನ್ನು ಬೇರೆಯವರೂ ಓದುತ್ತಾರೆ, ಅವರಿಗಾಗಿ ಒಂದು ಮುಖ್ಯ ವಿಷಯ. ಹೊಗೆಯಲ್ಲಿನ ಟಾರ್ ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಅದು ಮಂದವಾಗಿ, ಅದರಿಂದ ಕರಗುತ್ತಿದ್ದ ಔಷಧಗಳು ರಕ್ತದಲ್ಲಿ ಏರುತ್ತವೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಖಿನ್ನತೆ ಮುಂತಾದವಕ್ಕೆ ಕೊಡುವ ಫ್ಲುವೊಕ್ಸಮಿನ್, ಡ್ಯುಲೊಕ್ಸೆಟಿನ್, ಉಸಿರಾಟಕ್ಕೆ ಕೊಡುವ ಥಿಯೊಫಿಲಿನ್ ಈ ಗುಂಪಿನವು. ಕ್ಲೋಜಪಿನ್ ಅಂತೂ ಫಿಟ್ಸ್ ತರುವ ಮಟ್ಟಕ್ಕೂ ಏರಬಹುದು. ಇವನ್ನು ತೆಗೆದುಕೊಳ್ಳುವವರು ಬಿಡುವ ದಿನಕ್ಕೆ ಮುಂಚೆಯೇ ವೈದ್ಯರಿಗೆ ತಿಳಿಸಿ ಡೋಸ್ ನಿಗದಿ ಮಾಡಿಸಿಕೊಳ್ಳಬೇಕು, ಮತ್ತೆ ಸೇದಲು ಶುರುಮಾಡಿದರೂ ತಿಳಿಸಬೇಕು. ಪ್ಯಾಚ್ ಹಾಕಿದರೆ ಇದು ತಪ್ಪುವುದಿಲ್ಲ, ಕಿಣ್ವವನ್ನು ಕೆರಳಿಸುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಖಿನ್ನತೆಯ ಮಾತ್ರೆಗಳಾದ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಅದೇ ಕಿಣ್ವವೇ ಕೆಫೀನನ್ನೂ ಕರಗಿಸುವುದು! ಅಣ್ಣ ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತಾನೆ?

ಇಬ್ಬನಿ:

ಇಬ್ಬರಿಗೂ ತುಂಬಾ ಧನ್ಯವಾದ. ಆ ಪ್ರಶ್ನೆ ಕೇಳಿದೆ, ಅಂಥ ಯೋಚನೆ ಇಲ್ಲ ಅಂದ. ವೈದ್ಯರನ್ನು ಕಂಡು ಬಂದೆವು, 21 ಮಿ.ಗ್ರಾಂ ಪ್ಯಾಚ್ ಕೊಟ್ಟಿದ್ದಾರೆ, ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಕಾಫಿ ಆರು ಲೋಟ. ಪ್ಯಾಚ್ ಹಾಕಿ ಮೂರು ದಿನವಾಯಿತು, ಸಿಡುಕು ಎಷ್ಟೋ ಕಮ್ಮಿ. ಆದರೆ ರಾತ್ರಿ ವಿಚಿತ್ರ ಕನಸುಗಳು. ನಿನ್ನೆ ಒಂದು ಸಿಗರೇಟು ಸೇದಿಬಿಟ್ಟ, ಹೆದರಿ ಪ್ಯಾಚ್ ಕಿತ್ತುಹಾಕಿದ್ದಾನೆ. ಹಗಲು ಮಲಗಿಯೇ ಇರುವುದು ಮಾತ್ರ ಬದಲಾಗಿಲ್ಲ.

ಗುಳಿಗೆಪೆಟ್ಟಿಗೆ:

ಸಿಗರೇಟು ಬಿಟ್ಟ ಮೇಲೆ ಕೆಫೀನ್ ಮೊದಲಿನಷ್ಟು ಬೇಗ ಕರಗದ್ದರಿಂದ, ಆರು ಲೋಟ ಈಗ ಹನ್ನೆರಡರ ಹತ್ತಿರ ಕೆಲಸ ಮಾಡುತ್ತಿರಬಹುದು. ಮೂರಕ್ಕೆ ಇಳಿಸಿ, ಕೊನೆಯದು ಮಧ್ಯಾಹ್ನಕ್ಕೆ ಮುಂಚೆ. ಒಮ್ಮೆಲೇ ಪೂರ್ತಿ ನಿಲ್ಲಿಸಬೇಡಿ, ಕೆಫೀನ್ ಬಿಟ್ಟ ತಲೆನೋವು, ಮಂಕು ಬೇರೆ ಸೇರಿಕೊಂಡರೆ ಯಾವುದರಿಂದ ಏನು ಎಂದೇ ತಿಳಿಯದಂತಾಗುತ್ತದೆ.

ಹಗಲುಚುಕ್ಕಿ:

ಹಗಲು ಮಲಗುವುದರ ಬಗ್ಗೆ ಬರೆಯುತ್ತೇನೆ. ದಿನಕ್ಕೆ 20 ಸಿಗರೇಟು ಅಂದರೆ ಇಪ್ಪತ್ತು ಸಲ ಎದ್ದು ಹೊರಗೆ ಹೋಗುವುದು, ಯಾರೊಂದಿಗೋ ಎರಡು ಮಾತು, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಎಳೆದ ಹಾಗೆ. ಅದೆಲ್ಲ ಒಟ್ಟಿಗೆ ಹೋಗಿ ದಿನವೇ ಖಾಲಿಯಾಗಿದೆ. ಮನಸ್ಸು ಬಂದ ಮೇಲೆ ಏಳುತ್ತೇನೆ ಎಂದು ಕಾದರೆ ಮನಸ್ಸು ಬರುವುದೇ ಇಲ್ಲ; ಖಿನ್ನತೆಯಲ್ಲಿ ಮೊದಲು ಮೈ ಏಳಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಚಿಕಿತ್ಸೆಯಲ್ಲಿ ಇದನ್ನೇ ಕ್ರಮವಾಗಿ ಮಾಡಿಸುತ್ತಾರೆ.

ಹಿಂದಿನ ರಾತ್ರಿಯೇ ಮೂರು ಕೆಲಸ ಬರೆದಿಡಿ, ಎದುರಿಗೆ ಗಂಟೆ. ಒಂದು ಮೈ ಅಲುಗಿಸುವಂಥದ್ದು, ಒಂದು ಕೈಗೆ ಫಲ ಕಾಣುವಂಥದ್ದು, ಒಂದು ಇನ್ನೊಬ್ಬರ ಜೊತೆಗಿನದು. ಗಾತ್ರ ಚಿಕ್ಕದಿರಲಿ. "ವ್ಯಾಯಾಮ" ಎಂದು ಬರೆದರೆ ಆಗುವುದಿಲ್ಲ, "8 ಗಂಟೆಗೆ ಚಪ್ಪಲಿ ಮೆಟ್ಟಿ 10 ನಿಮಿಷ ಬಿರುಸಾಗಿ ನಡೆಯುವುದು" ಎಂದಿರಬೇಕು. ಹತ್ತು ನಿಮಿಷದ ಬಿರುಸು ನಡಿಗೆಯಿಂದಲೇ ತುಡಿತ ಸ್ವಲ್ಪ ಹೊತ್ತು ತಗ್ಗುತ್ತದೆ. ಬೆಳಗ್ಗೆಯ ಬೆಳಕಿನಲ್ಲಿ ನಡೆದರೆ ನಿದ್ದೆಯ ಗಡಿಯಾರಕ್ಕೂ ಸಹಾಯ. ಮುಗಿದ ಮೇಲೆ ಮನಸ್ಸಿಗೆ 0ರಿಂದ 10ರೊಳಗೆ ಒಂದು ಅಂಕಿ ಹಾಕಲಿ. ಮೂರರ ಬದಲು ನಾಲ್ಕಾದರೂ ಬರೆದಿಡಿ: ಖಿನ್ನತೆಯಲ್ಲಿರುವವರಿಗೆ ಸಂಜೆಯ ಹೊತ್ತಿಗೆ ಬೆಳಗ್ಗೆ ಹಾಕಿದ ನಾಲ್ಕು ಅಂಕ ನೆನಪಿರುವುದಿಲ್ಲ, ದಿನವಿಡೀ ಸೊನ್ನೆ ಅನ್ನಿಸುತ್ತದೆ. ನೀವು ಪಕ್ಕದಲ್ಲಿ ನಡೆಯಿರಿ, ಉಪದೇಶ ಬೇಡ. "ಮನಸ್ಸು ಗಟ್ಟಿಮಾಡ್ಕೋ" ಎಂಬ ಮಾತನ್ನಂತೂ ದಯವಿಟ್ಟು ಆಡಬೇಡಿ.

ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬಿಸಿ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಮತ್ತು ಮೇಲಿದ್ದರೆ ಮಧ್ಯಮ ಖಿನ್ನತೆಯ ಗಡಿ. ಅದು ಹಿಂದಿನ ಎರಡು ವಾರವನ್ನು ಕೇಳುವುದರಿಂದ ಈಗಿನ ಅಂಕದಲ್ಲಿ ಬಿಟ್ಟಿದ್ದರ ಬಾಧೆಯೂ ಬೆರೆತಿರುತ್ತದೆ. ಹಾಗಾಗಿ ಮೊದಲ ಅಂಕಕ್ಕಿಂತ ಅದು ಯಾವ ಕಡೆ ಸಾಗುತ್ತಿದೆ ಎಂಬುದು ಮುಖ್ಯ. 5 ಅಂಕ ಏರಿದರೆ ಎರಡು ವಾರ ಕಾಯದೆ ವೈದ್ಯರಿಗೆ ತೋರಿಸಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತೇ ಫೋನ್ ಮಾಡಿ. ಹಳೆಯ ಖಿನ್ನತೆ ಇದ್ದವರಿಗೆ ಈ ಲೆಕ್ಕವನ್ನು ಮೊದಲ ಆರು ತಿಂಗಳು ಬಿಡದಿರುವುದು ಒಳ್ಳೆಯದು, ಆಮೇಲಾಮೇಲೆ ತಿಂಗಳಿಗೊಮ್ಮೆ ಸಾಕು.

ಹೊಂಗೆನೆರಳು:

ಪ್ಯಾಚ್ ಮತ್ತೆ ಹಾಕಿಸಿ, ಇವತ್ತೇ. ಪ್ಯಾಚ್ ಇರುವಾಗ ಒಂದು ಸಿಗರೇಟು ಸೇದಿದರೆ ಹೃದಯ ನಿಂತುಹೋಗುತ್ತದೆ ಎಂಬುದು ಹಳೆಯ ಭಯ. ಜಾಸ್ತಿಯಾದರೆ ವಾಕರಿಕೆ, ತಲೆಸುತ್ತು, ಬೆವರು, ಎದೆ ಡವಗುಟ್ಟುವುದು ಕಾಣಿಸುತ್ತದೆ, ಆಗ ತೆಗೆದರಾಯಿತು. ಎಡವಿದ ದಿನ ಪ್ಯಾಚ್ ಕಿತ್ತರೆ ಮರುದಿನ ಎಡವುವುದು ಇನ್ನೂ ಸುಲಭ.

ಕನಸಿಗೆ: ಮಲಗುವ ಮುಂಚೆ ಪ್ಯಾಚ್ ತೆಗೆದು, ಅಂಟು ಬದಿ ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ, ಕೈ ತೊಳೆದುಕೊಳ್ಳಿ. ಹಾಗೆ ತೆಗೆದರೆ ಬೆಳಗ್ಗೆ ಮೈಯಲ್ಲಿ ನಿಕೋಟಿನ್ ಕಮ್ಮಿ ಇರುತ್ತದೆ, ಹೊಸ ಪ್ಯಾಚ್ ಏರಲು ಕೆಲವು ಗಂಟೆ ಬೇಕು. ಎದ್ದ ಹತ್ತು ನಿಮಿಷದೊಳಗೆ ಸೇದುತ್ತಿದ್ದವನಿಗೆ ಅದೇ ಅತಿ ಕಷ್ಟದ ಹೊತ್ತು. ಆದ್ದರಿಂದ ಕಣ್ಣು ಬಿಟ್ಟ ಕೂಡಲೇ ಹೊಸ ಪ್ಯಾಚ್, ಅದರ ಹಿಂದೆಯೇ ಒಂದು ಗಮ್, ಅದು ಮುಗಿದ ಮೇಲೆ ಕಾಫಿ. ಮೂರನ್ನೂ ಇದೇ ಕ್ರಮದಲ್ಲಿ ಹಾಸಿಗೆಯ ಪಕ್ಕ ಬರೆದು ಅಂಟಿಸಿಡಿ.