ಸ್ಪೀಕರ್ ಸಾಗಿಸುತ್ತಿದ್ದ ಟ್ರೈಲರ್‌ನಲ್ಲಿ ನಾವು ಮಲಗಬಹುದಾ? ಗಾಡಿಗಳಿಗೆ ಬಾಡಿ ಕಟ್ಟುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೆಂಗೇರಿ ಉಪನಗರದಿಂದ):

ನಮಸ್ಕಾರ ಸಾರ್. ಮದುವೆ, ಆರ್ಕೆಸ್ಟ್ರಾಗಳಿಗೆ ಸ್ಪೀಕರ್ ಸಾಗಿಸುತ್ತಿದ್ದವರೊಬ್ಬರಿಂದ ಮುಚ್ಚಿದ ಬಾಡಿಯ ಟ್ರೈಲರ್ ಕೊಂಡಿದ್ದೀನಿ. 10 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರ. ಒಂದೇ ಆಕ್ಸಲ್ (ಚಕ್ರದ ಅಚ್ಚು), ಬ್ರೇಕ್ ಇಲ್ಲ. ಆರ್‌ಸಿಯಲ್ಲಿ ಸಾಮಾನು ಸೇರಿ ಒಟ್ಟು ತೂಕ 750 ಕೆಜಿ ಅಂತಿದೆ. ಖಾಲಿ ಟ್ರೈಲರ್ 480 ಕೆಜಿ ಅಂತ ಮಾರಿದವರು ಹೇಳಿದರು. ಹಿಂದೆ ಎರಡು ರೆಕ್ಕೆಯ ಬಾಗಿಲು, ಕಿಟಕಿ ಒಂದೂ ಇಲ್ಲ. ನಾನು, ನನ್ನ ಹೆಂಡತಿ ವಾರಾಂತ್ಯಕ್ಕೆ ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗಿ ಮಲಗೋ ಹಾಗೆ ಇದನ್ನ ಕ್ಯಾಂಪರ್ ಮಾಡಬೇಕು. ಯೋಚನೆ ಮಾಡಿರೋದು ಇಷ್ಟು: ಗೋಡೆ, ಚಾವಣಿಗೆಲ್ಲ 12 ಎಂಎಂ ಪ್ಲೈವುಡ್, ಒಂದು ಮಂಚ, ಚಿಕ್ಕ ಅಡುಗೆ ಕಟ್ಟೆ, ಹಿಂಭಾಗದಲ್ಲಿ 100 ಲೀಟರ್ ನೀರಿನ ಟ್ಯಾಂಕ್, ಮನೆಯ ಯುಪಿಎಸ್‌ದೇ 150 ಎಎಚ್ ಬ್ಯಾಟರಿ. ಬಡಗಿ ಸೋಮವಾರ ಬರ್ತೀನಿ ಅಂದಿದ್ದಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಬಾಡಿ ಬಿಲ್ಡರ್, ಪೀಣ್ಯ):

ಬಡಗಿಗೆ ಫೋನ್ ಮಾಡಿ ಸೋಮವಾರ ಬೇಡ ಅನ್ನಿ. ಮೊದಲು ಟ್ರೈಲರ್ ವೇ ಬ್ರಿಡ್ಜ್‌ಗೆ, ಅಂದ್ರೆ ಗಾಡಿ ತೂಕ ಹಾಕೋ ಕಟ್ಟೆಗೆ, ಹೋಗಲಿ. ಮಾರಿದವರ ಬಾಯಲ್ಲಿ ಬಂದ ತೂಕಕ್ಕೂ ಚೀಟಿಯಲ್ಲಿ ಬರೋ ತೂಕಕ್ಕೂ ಹೊಂದಿದ್ದನ್ನ ನಾನು ಕಂಡಿದ್ದು ಕಮ್ಮಿ.

480 ನಿಜ ಅಂತಲೇ ಇಟ್ಕೊಳ್ಳೋಣ. 750ಕ್ಕೆ ಇನ್ನು 270 ಕೆಜಿ ಉಳೀತು. ನಿಮ್ಮ ಗೋಡೆ, ಚಾವಣಿ ಸೇರಿ ಸುಮಾರು 250 ಚದರಡಿ, ಅಂದ್ರೆ 8x4ರ ಎಂಟು ಶೀಟ್. 12 ಎಂಎಂ ಶೀಟ್ ಒಂದಕ್ಕೆ ಹತ್ತಿರ ಹತ್ತಿರ 24 ಕೆಜಿ. ಬರೀ ಗೋಡೆಗೇ 190 ಕೆಜಿ ಹೋಯ್ತು! ನೀರು 100 ಕೆಜಿ ಸೇರಿಸಿದರೆ, ಮಂಚ ಒಳಗೆ ಬರೋಕೆ ಮುಂಚೆನೇ ಲೆಕ್ಕ ಮುಗೀತು. ಯುಪಿಎಸ್ ಬ್ಯಾಟರಿ ಇನ್ನೊಂದು ಐವತ್ತು ಚಿಲ್ಲರೆ ಕೆಜಿ, ಅದನ್ನ ಮನೆಯಲ್ಲೇ ಬಿಡಿ.

ನಾನಾದರೆ ಹೀಗೆ ಮಾಡ್ತೀನಿ. ಗೋಡೆಗೆ 4 ಎಂಎಂ ಪ್ಲೈ, ಎಂಟು ಶೀಟ್‌ಗೆ 65 ಕೆಜಿ. ಅದರ ಹಿಂದೆ ಬಿಸಿ, ಚಳಿ ತಡೆಯೋ ಇನ್ಸುಲೇಷನ್ 20. ಮಂಚ, ಕಟ್ಟೆ ಎಲ್ಲ ಅಲ್ಯೂಮಿನಿಯಂ ಪೈಪ್‌ನಲ್ಲಿ, 60ರ ಒಳಗೆ. 100 ಎಎಚ್ ಲಿಥಿಯಂ ಬ್ಯಾಟರಿ 12, ಮೇಲೆ 200 ವ್ಯಾಟ್ ಸೋಲಾರ್ ಪ್ಯಾನಲ್ 12. ನೀರು 40 ಲೀಟರ್ ಸಾಕು. ಹಾಸಿಗೆ, ಪಾತ್ರೆ, ಸ್ಟೌ 40. ಕೂಡಿದರೆ 249. ಉಳಿಯೋದು 21 ಕೆಜಿ, ಬಟ್ಟೆ ಬ್ಯಾಗ್ ಕಾರಲ್ಲೇ ಇರಲಿ.

ಇನ್ನು ಆ ಟ್ಯಾಂಕ್ ಹಿಂಭಾಗದಲ್ಲಿ ಅಂದ್ರಲ್ಲ, ಅದು ನಾನೇ ಒಮ್ಮೆ ಮಾಡಿದ ತಪ್ಪು. ನಾನು ಮಾಡಿದ ಮೊದಲ ಕಾಫಿ ಟ್ರೈಲರ್‌ಗೆ ನೀರಿನ ಟ್ಯಾಂಕ್ ಹಿಂದಿನ ಮೂಲೆಯಲ್ಲಿ ಕೂರಿಸಿದ್ದೆ, ಅಲ್ಲಿ ಜಾಗ ಇತ್ತು ಅಂತ. ನೆಲಮಂಗಲ ದಾಟಿ 60ರ ವೇಗಕ್ಕೆ ಬಂದಿದ್ದೇ ತಡ, ಟ್ರೈಲರ್ ನಾಯಿ ಬಾಲ ಆಡಿಸಿದ ಹಾಗೆ ಅತ್ತಿತ್ತ ಹೊಡೆಯೋಕೆ ಶುರು. ಹಿಂದೆ ಭಾರ ಜಾಸ್ತಿ ಆದರೆ ಮುಂದಿನ ಹುಕ್ ಮೇಲೇಳುತ್ತೆ, ಕಾರಿಗೆ ಹಿಡಿತ ಹೋಗುತ್ತೆ. ಹುಕ್ ಮೇಲೆ ಬೀಳೋ ಭಾರ ಒಟ್ಟು ತೂಕದ ಶೇ 10ರ ಆಸುಪಾಸು ಇರಬೇಕು, ನಿಮ್ಮದಕ್ಕೆ 75 ಕೆಜಿ. ಅಳೆಯೋಕೆ ದೊಡ್ಡ ಯಂತ್ರ ಬೇಡ. ಮನೆಯಲ್ಲಿ ನಿಂತು ತೂಕ ನೋಡೋ ಮೆಷಿನ್ ಮೇಲೆ ಒಂದು ಕಟ್ಟಿಗೆ ತುಂಡು ನಿಲ್ಲಿಸಿ, ಅದರ ಮೇಲೆ ಹುಕ್ ಇಳಿಸಿ. ಟ್ಯಾಂಕ್ ಆಕ್ಸಲ್‌ಗೆ ಸ್ವಲ್ಪ ಮುಂದೆ, ನೆಲಕ್ಕೆ ಅಂಟಿಕೊಂಡು ಬರಲಿ. ಅಕಸ್ಮಾತ್ ದಾರಿಯಲ್ಲಿ ಬಾಲ ಆಡಿಸಿದರೆ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೆಟ್ಟಗೆ ಹಿಡಿದಿರಿ. ಬ್ರೇಕ್ ಇಲ್ಲದ ಟ್ರೈಲರ್ ಶಿರಾಡಿಯಂಥ ಘಾಟಿ ಇಳಿಯುವಾಗ ಕಾರನ್ನ ಹಿಂದಿನಿಂದ ನೂಕ್ತಾನೇ ಇರುತ್ತೆ, ಮೇಲಿಂದಲೇ ಎರಡನೇ ಗೇರ್. ನಿಮ್ಮ ಕಾರು ಎಷ್ಟು ಎಳೆಯಬಹುದು ಅಂತ ಅದರ ಪುಸ್ತಕದಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲ ಅಂದ್ರೆ ಕಂಪನಿಯ ಸರ್ವಿಸ್ ಸೆಂಟರ್‌ನಿಂದ ಲಿಖಿತವಾಗಿ ತಗೊಳ್ಳಿ, ಹುಕ್ ಹಾಕೋ ಹುಡುಗನ ಮಾತು ನಂಬಬೇಡಿ.

ಇಷ್ಟೆಲ್ಲಾ ಹೇಳಿದೆ, ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನ ಹೆದರಿಸಿದ್ದು ತೂಕ ಅಲ್ಲ, ಬಾಗಿಲು. ಆ ಹಿಂದಿನ ಬಾಗಿಲಿನ ಉದ್ದ ರಾಡ್ ಲಾಕ್ ಇದೆಯಲ್ಲ, ಅದು ಹೊರಗಿನಿಂದ ಮಾತ್ರ ತೆರೆಯುತ್ತೆ. ಸ್ಪೀಕರ್‌ಗೆ ಒಳಗಿನಿಂದ ಹೊರಗೆ ಬರೋ ಕೆಲಸ ಇರಲಿಲ್ಲ. ನೀವು ಒಳಗೆ ಮಲಗಿದ್ದಾಗ ರಾಡ್ ತಾನಾಗಿ ಜಾರಿ ಕೂತರೆ, ಅಥವಾ ದಾರಿಹೋಕ ಹುಡುಗರು ತಮಾಷೆಗೆ ಚಿಲಕ ಹಾಕಿದರೆ, ನೀವು ತಗಡಿನ ಡಬ್ಬಿಯೊಳಗೆ. ಆಂಬುಲೆನ್ಸ್ ಬಾಡಿ ಕಟ್ಟುವಾಗ ಹಿಂದಿನ ಬಾಗಿಲಿಗೆ ಒಳಗಿಂದಲೂ ಹಿಡಿ ಇಡ್ತೀವಿ, ಅದೇ ಥರ ಮಾಡಿಸಿ. ಅದು ಸಾಲದು, ಎಡಗಡೆ ಗೋಡೆಯಲ್ಲಿ ಇನ್ನೊಂದು ಬಾಗಿಲು, ಅಥವಾ ದೊಡ್ಡವರು ತೂರಿಕೊಂಡು ಬರುವಷ್ಟು ಅಗಲದ, ಹೊರಕ್ಕೆ ತೆರೆಯೋ ಕಿಟಕಿ ಬೇಕೇ ಬೇಕು. ಮಂಚದ ಹತ್ತಿರವೇ ಇರಲಿ. ಬೆಂಕಿ ಬಂದಾಗ ಅಡುಗೆ ಕಟ್ಟೆ ದಾಟಿ ಹೋಗೋ ದಾರಿಯನ್ನ ದಾರಿ ಅಂತ ಎಣಿಸಬಾರದು.

ಪ್ರಶ್ನೆ (ಬನಶಂಕರಿಯಿಂದ):

ಸಾರ್, ನಮ್ಮ ಮನೆಯವರೂ ಇಂಥದ್ದೇ ಹುಚ್ಚು ಹಚ್ಚಿಕೊಂಡಿದ್ದಾರೆ. ಇನ್ಸುಲೇಷನ್‌ಗೆ ಥರ್ಮಾಕೋಲ್ ಸಾಕು, ಬೆಂಗಳೂರಲ್ಲಿ ಏನು ಮಹಾ ಸೆಕೆ ಅಂತಾರೆ. ಹೌದಾ?

ಉತ್ತರ:

ಮೇಡಂ, 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಲ್ಲಿ 39.2 ಡಿಗ್ರಿ ದಾಖಲಾಗಿತ್ತು ಅಂತ ನಿಮ್ಮ ಮನೆಯವರಿಗೆ ಹೇಳಿ. ಅಂಥ ಬಿಸಿಲಲ್ಲಿ ತಗಡಿನ ಚಾವಣಿ ಮೇಲೆ ಕೈ ಇಡೋಕಾಗಲ್ಲ.

ಆದರೂ ಸೆಕೆಗಿಂತ ದೊಡ್ಡ ತಲೆನೋವು ನೀರು. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಮೈ ಬೆವರು ಸೇರಿ ಅರ್ಧ ಲೀಟರ್‌ನ ಆಸುಪಾಸು ನೀರು ಹೊರಗೆ ಬರುತ್ತೆ. ಚಿಕ್ಕಮಗಳೂರಿನ ಚಳಿಯಲ್ಲಿ ಅದು ತಣ್ಣಗಿನ ತಗಡಿಗೆ ತಾಗಿ ಹನಿಯಾಗುತ್ತೆ. ಬೆಳಗ್ಗೆ ಎದ್ದು ನೋಡಿದರೆ ಚಾವಣಿಯ ಅಡ್ಡಪಟ್ಟಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಪಕ್ಕೆಲುಬಿನ ಥರ ನೀರಿನ ಗೆರೆ ಕಾಣುತ್ತೆ. ಥರ್ಮಾಕೋಲ್ ತುಂಡುಗಳನ್ನ ಪಟ್ಟಿಗಳ ನಡುವೆ ತುರುಕಿದರೆ ಸಂದು ಉಳಿಯುತ್ತೆ, ಪಟ್ಟಿ ಬೆತ್ತಲೆ ಉಳಿಯುತ್ತೆ. ನೀರು ಹಿಂದೆ ಸೇರಿಕೊಂಡು, ಎರಡು ಮಳೆಗಾಲ ಕಳೆದ ಮೇಲೆ ತಗಡು ಒಳಗಿನಿಂದ ತುಕ್ಕು ಹಿಡಿದಿದ್ದು ಹೊರಗೆ ತೂತಾದಾಗಲೇ ಗೊತ್ತಾಗೋದು.

ಎಸಿ ಡಕ್ಟ್‌ಗೆ ಸುತ್ತುತ್ತಾರಲ್ಲ, ಕಪ್ಪು ನೈಟ್ರೈಲ್ ರಬ್ಬರ್ ಶೀಟ್, ಅದು 19 ಎಂಎಂನದ್ದು ತಗೊಂಡು ತಗಡಿಗೆ ಪೂರ್ತಿ ಅಂಟಿಸಿ, ಪಟ್ಟಿಗಳ ಮೇಲೂ ಹೊದಿಸಿ. ಪಟ್ಟಿ ಮುಚ್ಚದೆ ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ಜೊತೆಗೆ ಚಾವಣಿಯಲ್ಲಿ ಒಂದು ಫ್ಯಾನ್, ಗಾಳಿ ಒಳಗೆ ಬರೋಕೆ ಕೆಳಗೊಂದು ಜಾಲರಿ. ಚಳಿ ಅಂತ ರಾತ್ರಿ ಅದಕ್ಕೆ ಬಟ್ಟೆ ತುರುಕಬಾರದು.

ಪ್ರಶ್ನೆ (ಎಚ್‌ಎಸ್‌ಆರ್ ಲೇಔಟ್‌ನಿಂದ):

ಅಷ್ಟೆಲ್ಲಾ ಕಷ್ಟ ಯಾಕೆ, ಒಂದು ಟನ್ ಎಸಿ ಹಾಕಿಬಿಟ್ಟರೆ ಆಗಲ್ವಾ? ಸೋಲಾರ್ ಇದೆಯಲ್ಲ.

ಉತ್ತರ:

ಆಗುತ್ತೆ, ಒಂದು ಗಂಟೆ. 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿರೋದು ಸುಮಾರು 1,280 ವ್ಯಾಟ್-ಅವರ್. ಒಂದು ಟನ್ ಎಸಿ ಪೂರ್ತಿ ಓಡುವಾಗ ಸಾವಿರ ವ್ಯಾಟ್ ಮೇಲೆ ಎಳೆಯುತ್ತೆ. ಅದೇ ಬ್ಯಾಟರಿಯಲ್ಲಿ 30 ವ್ಯಾಟ್ ಫ್ಯಾನ್ ರಾತ್ರಿಯಿಡೀ, ಲೈಟು, ಮೊಬೈಲು, 12 ವೋಲ್ಟ್‌ನ ಚಿಕ್ಕ ಫ್ರಿಜ್ ಎಲ್ಲ ಸೇರಿಸಿದರೂ ದಿನಕ್ಕೆ 800ರ ಹತ್ತಿರ ಮುಗಿಯುತ್ತೆ. 200 ವ್ಯಾಟ್ ಪ್ಯಾನಲ್ ಒಳ್ಳೆ ಬಿಸಿಲಲ್ಲಿ ಹೆಚ್ಚುಕಮ್ಮಿ ಅಷ್ಟು ಕೊಡುತ್ತೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ನೆರಳಲ್ಲಿ ನಿಲ್ಲಿಸಿದರೆ ಕೊಡಲ್ಲ.

ವೈರ್ ವಿಷಯ ಒಂದು ಮಾತು. ಎಸ್‌ಪಿ ರೋಡ್‌ಗೆ ಹೋಗಿ ಮನೆಗೆ ಎಳೆಯೋ 1.5 ಎಂಎಂ ವೈರ್ ತಂದು 12 ವೋಲ್ಟ್‌ಗೆ ಹಾಕ್ತಾರೆ. ನಾಲ್ಕು ಮೀಟರ್ ದೂರಕ್ಕೆ 10 ಆಂಪಿಯರ್ ಹೋದರೆ ಹೋಗಿ ಬರೋದರಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತೆ, ಫ್ರಿಜ್ ಬ್ಯಾಟರಿ ಇಳಿದಿದೆ ಅಂದ್ಕೊಂಡು ನಿಂತುಬಿಡುತ್ತೆ. ಫ್ರಿಜ್‌ಗೆ 4 ಎಂಎಂ ಎಳೆಯಿರಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಇನ್ನೊಂದು ತುದಿಯಲ್ಲಲ್ಲ.

ಪ್ರಶ್ನೆ (ಯಲಹಂಕದಿಂದ):

ಅಣ್ಣಾ, ಗ್ಯಾಸ್ ಒಳಗೆ ಇಡಬಹುದಾ? 5 ಕೆಜಿ ಚಿಕ್ಕ ಸಿಲಿಂಡರ್.

ಉತ್ತರ:

ಬೇಡ ತಮ್ಮಾ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೀರಿನ ಥರ ನೆಲದಲ್ಲಿ ನಿಲ್ಲುತ್ತೆ. ನೀನು ಮಲಗೋದೂ ಅದರ ಹತ್ತಿರಾನೇ. ಮನೆ ಅಡುಗೆಮನೆಯಲ್ಲಿ ಬಾಗಿಲ ಸಂದಿಯಿಂದಾದರೂ ಹೊರಗೆ ಹೋಗುತ್ತೆ, ಈ ಡಬ್ಬಿಯಲ್ಲಿ ಎಲ್ಲಿಗೆ ಹೋಗುತ್ತೆ? ಮುಂದೆ ಹುಕ್ ಹತ್ತಿರ ಹೊರಗಡೆಗೇ ಒಂದು ಪೆಟ್ಟಿಗೆ ಮಾಡಿಸು, ತಳದಲ್ಲಿ ತೂತು ಇರಲಿ, ಸಿಲಿಂಡರ್ ಅಲ್ಲಿ. ಸ್ಟೌ ಹೊರಗೆ ತೆಗೆದು ಟಾರ್ಪಾಲಿನ್ ಕೆಳಗೆ ಅಡುಗೆ ಮಾಡು. ಬಿಸಿಬೇಳೆಬಾತ್ ವಾಸನೆ ಹಾಸಿಗೆಗೆ ಹಿಡಿಯೋದೂ ತಪ್ಪುತ್ತೆ.

ಇದ್ದಿಲ ಅಗ್ಗಿಷ್ಟಿಕೆಯನ್ನ ಚಳಿ ಕಾಯಿಸೋಕೆ ಅಂತ ಒಳಗೆ ತಗೊಂಡು ಹೋಗೋರಿದ್ದಾರೆ. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಲೆ ಮಟ್ಟದಲ್ಲಿ ಹಾಕಿಸು, ಹೊಗೆ ಅಲಾರಂ ಬೇರೆ, ಇದು ಬೇರೆ.

ಪ್ರಶ್ನೆ (ರಾಜಾಜಿನಗರದಿಂದ):

ಆರ್‌ಟಿಒ ಕಥೆ ಏನು ಸಾರ್? ಅದನ್ನ ಯಾರೂ ಕೇಳಲೇ ಇಲ್ಲ.

ಉತ್ತರ:

ಕೇಳಿದರೆ ಗಾಡಿ ಮಾಡೋ ಆಸೆ ಹೋಗುತ್ತೆ ಅಂತ ಇರಬೇಕು!

ಟ್ರೈಲರ್‌ಗೂ ಸ್ವಂತ ಆರ್‌ಸಿ, ಸ್ವಂತ ನಂಬರ್. 750 ಕೆಜಿವರೆಗಿನದ್ದು ಟಿ1, ಅಂದ್ರೆ ಅತಿ ಹಗುರ ಟ್ರೈಲರ್‌ಗಳ ವರ್ಗ. ನಿಮ್ಮ ಸಾಮಾನು ಸೇರಿ ಅದು ದಾಟಿದರೆ ಕಾಗದದಲ್ಲಿರೋ ಗಾಡಿಯೇ ಬೇರೆ, ರಸ್ತೆಯಲ್ಲಿರೋ ಗಾಡಿಯೇ ಬೇರೆ ಆಗುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸೋದಕ್ಕೆ ಕಡಿವಾಣ ಹಾಕುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಬಿಗಿಯಾಗಿ ಓದಿದೆ. ಇನ್ನೊಂದು ಕಡೆ, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೈಲರ್ ಅನ್ನೋದು ಕೇಂದ್ರದ 2004ರ ಅಧಿಸೂಚನೆಯ ನಾನ್-ಟ್ರಾನ್ಸ್‌ಪೋರ್ಟ್ (ಬಾಡಿಗೆ ಸಾಗಣೆಗಲ್ಲದ ಗಾಡಿಗಳ) ಪಟ್ಟಿಯಲ್ಲೇ ಇದೆ. ಅಂದ್ರೆ ಅಂಥ ವರ್ಗ ಇಲ್ಲವೇ ಇಲ್ಲ ಅಂತ ಕೌಂಟರ್‌ನಲ್ಲಿ ಯಾರಾದರೂ ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಬಿಚ್ಚಬಹುದಾದ ಮಂಚ ಬೋಲ್ಟ್ ಮಾಡೋದೇ ಬೇರೆ, ಗೋಡೆ ಕೊಯ್ದು ಬಾಗಿಲು ಇಡೋದೇ ಬೇರೆ. ಗ್ರೈಂಡರ್ ಹಚ್ಚೋ ಮುಂಚೆ ಡ್ರಾಯಿಂಗ್ ಜೊತೆ ಅರ್ಜಿ ಕೊಟ್ಟು ಉತ್ತರ ಬರಹದಲ್ಲಿ ತಗೊಳ್ಳಿ. ಇನ್ಶೂರೆನ್ಸ್‌ನವರಿಗೂ ಅದರ ಪ್ರತಿ ಕೊಡಿ. ಓಡ್ತಿರೋ ಟ್ರೈಲರ್ ಒಳಗೆ ಯಾರೂ ಕೂರಬಾರದು, ಮಗು ಮಲಗಿದೆ ಅಂತಲೂ ಬಿಡಬಾರದು.

ಕೆಂಗೇರಿಯಿಂದ ಮತ್ತೆ:

ಸಾರ್, ಇವತ್ತು ವೇ ಬ್ರಿಡ್ಜ್‌ಗೆ ಹೋಗಿದ್ದೆ. ಖಾಲಿ ಟ್ರೈಲರ್ 565 ಕೆಜಿ! ಮಾರಿದವರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. 249ರ ಲೆಕ್ಕ ಇನ್ನು 185ರಲ್ಲಿ ಮುಗಿಸಬೇಕಾ? ಕೈ ಬಿಡಲಾ?

ಉತ್ತರ:

ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಒಳಗೆ ಹೋಗಿ ನೆಲ ಬಡಿದು ನೋಡಿ. ಸ್ಪೀಕರ್ ಪೆಟ್ಟಿಗೆ ಉರುಳಿಸೋರು ಪ್ಲೈ ಮೇಲೆ ಕಬ್ಬಿಣದ ತಗಡು ಹಾಸೋದು ರೂಢಿ. 2 ಎಂಎಂ ತಗಡು ನಿಮ್ಮ ಅಳತೆಗೆ ಹೆಚ್ಚುಕಮ್ಮಿ 87 ಕೆಜಿ ಬರುತ್ತೆ. 565ರಲ್ಲಿ ಕಳೆದು ನೋಡಿ.

ಕೆಂಗೇರಿಯಿಂದ:

478! ತಗಡು ಇದೆ ಸಾರ್, ಬಣ್ಣ ಬಳಿದಿದ್ದರಿಂದ ಗೊತ್ತಾಗಿರಲಿಲ್ಲ. ಬಾಗಿಲ ಹತ್ತಿರ ಒಂದು ಮೂಲೆ ಎತ್ತಿದೆ, ಕೆಳಗಿನ ಪ್ಲೈ ಕಪ್ಪಗಾಗಿದೆ, ಸ್ಕ್ರೂಡ್ರೈವರ್ ಬೆಣ್ಣೆಗೆ ಹೋದ ಹಾಗೆ ಹೋಗುತ್ತೆ.

ಉತ್ತರ:

ಬಾಗಿಲ ರಬ್ಬರ್ ಬೀಡಿಂಗ್‌ನಿಂದ ನೀರು ಇಳಿದು ತಗಡಿನ ಕೆಳಗೆ ಸಿಕ್ಕಿಹಾಕಿಕೊಂಡಿದೆ. ತಗಡು ಪೂರ್ತಿ ಕಿತ್ತು ಗುಜರಿಗೆ ಹಾಕಿ, ಬೀಡಿಂಗ್‌ನ ಕಾಸಾದರೂ ಹುಟ್ಟುತ್ತೆ. ಕೊಳೆತ ಪ್ಲೈ ಕೊಯ್ದು ತೆಗೆದಾಗ ಕೆಳಗಿನ ಚಾಸಿ ಚಾನೆಲ್‌ಗಳನ್ನ (ಗಾಡಿಯ ಭಾರ ಹೊರೋ ಕಬ್ಬಿಣದ ಪಟ್ಟಿಗಳನ್ನ) ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದ್ರೆ ಸರಿ, ಮಂಕಾಗಿ ಸದ್ದು ಬಂದು ಪದರ ಉದುರಿದರೆ ಫೋಟೋ ಇಲ್ಲಿ ಹಾಕಿ, ಮುಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಹೊಸ ಪ್ಲೈ ಐಎಸ್ 710 ಮುದ್ರೆ ಇರೋ ಮೆರೈನ್ ಗ್ರೇಡ್, ಕೆಳಮೈಗೆ, ನಾಲ್ಕೂ ಅಂಚಿಗೆ ಬಿಟುಮೆನ್ ಪೇಂಟ್ ಎರಡು ಕೈ. ಅಂಚು ಬಿಟ್ಟರೆ ಮತ್ತೆ ಇದೇ ಕಥೆ. ಆಮೇಲೆ ಇನ್ನೊಮ್ಮೆ ತೂಕ ಹಾಕಿಸಿ, ಚೀಟಿ ಇಲ್ಲಿ ತೋರಿಸಿ. ಬಡಗಿಯನ್ನ ಅಲ್ಲಿವರೆಗೆ ಕರೀಬೇಡಿ.

ಕೆಂಗೇರಿಯಿಂದ:

ಬೇಡ ಅಂತ ಹೇಳಿದ್ದರೂ ಇವತ್ತು ಬೆಳಗ್ಗೆನೇ ಬಂದುಬಿಟ್ಟ ಸಾರ್. ತಗಡು ಕೀಳೋಕೆ ಹಚ್ಚಿದ್ದೀನಿ.