ಏರುವ ಸರಳರೇಖೆಯ ‘ಇಳಿಜಾರು’: ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಪದಗಳ ಕುರಿತು

ಮಾನ್ಯರೇ,

ನಕ್ಷೆಯನ್ನು ನೋಡಿ ಸರಳರೇಖೆಯ ಸಮೀಕರಣವನ್ನು ಬರೆಯುವ ಬಗೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಕ್ಷ, ಮೂಲಬಿಂದು, ನಿರ್ದೇಶಾಂಕ ಮುಂತಾದವು ತರಗತಿಯಲ್ಲಿ ಬೇರೂರಿವೆ. ತೊಡಕಿರುವುದು ಸ್ಲೋಪ್ (ಎಕ್ಸ್‌ನ ಹೆಚ್ಚಳಕ್ಕೆ ವೈ ಎಷ್ಟು ಬದಲಾಗುತ್ತದೆ ಎಂಬ ಅನುಪಾತ) ಮತ್ತು ಇಂಟರ್‌ಸೆಪ್ಟ್ (ರೇಖೆಯು ಅಕ್ಷವನ್ನು ಕಡಿಯುವಲ್ಲಿನ ಬೆಲೆ) ಎಂಬ ಎರಡಕ್ಕೆ ಕನ್ನಡ ಪದವನ್ನು ಆರಿಸುವುದರಲ್ಲಿ.

ರೇಖೆಯೊಂದು (0, 3) ಮತ್ತು (2, 7) ಬಿಂದುಗಳ ಮೂಲಕ ಹಾಯುತ್ತದೆ ಎನ್ನೋಣ. ಎಕ್ಸ್ 2ರಷ್ಟು ಹೆಚ್ಚಿದಾಗ ವೈ 4ರಷ್ಟು ಹೆಚ್ಚುವುದರಿಂದ ಸ್ಲೋಪ್ 2; ರೇಖೆಯು ವೈ ಅಕ್ಷವನ್ನು 3ರಲ್ಲಿ ಕಡಿಯುವುದರಿಂದ ಸಮೀಕರಣವು ವೈ = 2ಎಕ್ಸ್ + 3 ಆಗುತ್ತದೆ. ಈ ರೇಖೆ ಎಡದಿಂದ ಬಲಕ್ಕೆ ಏರುತ್ತದೆ. ಹೀಗೆ ಏರುವ ರೇಖೆಯ ‘ಇಳಿಜಾರು’ ಧನ, ಇಳಿಯುವ ರೇಖೆಯ ‘ಇಳಿಜಾರು’ ಋಣ ಎಂದು ಬರೆದಾಗ, ಇಳಿಯುವ ಅರ್ಥವು ಪದದೊಳಗೇ ಇರುವ ಕಾರಣ, ಚಿಹ್ನೆಯ ನಿಯಮವೇ ತಲೆಕೆಳಗಾದಂತೆ ಮಕ್ಕಳಿಗೆ ತೋರುತ್ತದೆ. ಸ್ಲೋಪ್‌ಗಿರುವ ಇನ್ನೊಂದು ಪದವಾದ ‘ಪ್ರವಣತೆ’ಯ ಸಂಸ್ಕೃತ ಮೂಲದಲ್ಲಿಯೂ ಕೆಳಕ್ಕೆ ಬಾಗಿದ ಎಂಬ ಅರ್ಥವಿದೆ, ಆದರೆ ಆ ಪದ ಮಕ್ಕಳಿಗೆ ಅಪರಿಚಿತವಾದ್ದರಿಂದ ಅದು ಅಡ್ಡಿಯನ್ನೂ ಮಾಡದು, ನೆರವನ್ನೂ ನೀಡದು.

ನನ್ನ ಒಲವು ‘ವಾಟ’ದ ಕಡೆಗಿದೆ. ತಾರಸಿಯ ಮೇಲೆ ನೀರು ನಿಲ್ಲದಿರಲೆಂದು ಗಾರೆ ಕೆಲಸದವರು ಕೊಡುವ ವಾಟವನ್ನು ಇಷ್ಟು ಅಡಿಗೆ ಇಷ್ಟು ಇಂಚು ಎಂದೇ ಹೇಳುವುದರಿಂದ, ಅದು ಕೋನವನ್ನಲ್ಲ, ಅನುಪಾತವನ್ನು ಸೂಚಿಸುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಎರಡು ಅಕ್ಷಗಳ ಪ್ರಮಾಣ ಬೇರೆಯಾದಾಗ ಇದೇ ರೇಖೆ ಹಾಳೆಯ ಮೇಲೆ ಹೆಚ್ಚು ಚಪ್ಪಟೆಯಾಗಿ ಕಾಣಬಹುದು, ಆದರೂ ಅದರ ಸ್ಲೋಪ್ 2 ಆಗಿಯೇ ಉಳಿಯುತ್ತದೆ. ಪ್ರಮಾಣವನ್ನು ಗಮನಿಸದೆ ಚೌಕಗಳನ್ನಷ್ಟೇ ಎಣಿಸುವ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ವಾಟವೂ ಬಳಕೆಯಲ್ಲಿ ಇಳಿಯುವ ದಿಕ್ಕನ್ನೇ ಸೂಚಿಸುತ್ತದೆ ಎಂಬ ಆಕ್ಷೇಪ ಬರಬಹುದು, ಅದು ನ್ಯಾಯವಾದುದೇ. ಆದರೂ ‘ಇಳಿ’ ಎಂಬ ಧಾತು ಅದರಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಇಂಟರ್‌ಸೆಪ್ಟ್‌ಗೆ ‘ಛೇದ’ ಎಂದರೆ ಭಿನ್ನರಾಶಿಯ ಛೇದದೊಡನೆ ಗೊಂದಲವಾಗುತ್ತದೆ. ಸ್ಲೋಪ್ ಅನ್ನು ಭಿನ್ನರಾಶಿಯಾಗಿ ಬರೆಯುವ ಪಾಠದಲ್ಲಿ ಇದು ಸಲ್ಲದು. ‘ಅಂತಃಖಂಡ’ವು ತುಂಡೊಂದರ ಉದ್ದವೆಂಬ ಭಾವನೆ ಮೂಡಿಸುವುದರಿಂದ, ವೈ = 2ಎಕ್ಸ್ − 3 ಎಂಬಲ್ಲಿ ಅದರ ಬೆಲೆ −3 ಹೇಗಾಯಿತೆಂದು ಮಕ್ಕಳು ಕೇಳುತ್ತಾರೆ.

ಪಾಠ ಹೇಳುವಾಗ ‘ವಾಟ’ವನ್ನು ಈ ಅರ್ಥದಲ್ಲಿ ಬಳಸಿದವರಿದ್ದರೆ, ಋಣ ಬೆಲೆಯನ್ನು ಹೇಗೆ ವಿವರಿಸಿದಿರೆಂದು ದಯವಿಟ್ಟು ತಿಳಿಸಿ. ಇಂಟರ್‌ಸೆಪ್ಟ್‌ಗೆ ಉದ್ದದ ಸೂಚನೆಯಿಲ್ಲದ, ಚಿಹ್ನೆಯನ್ನು ಹೊರಬಲ್ಲ ಪದ ನಿಮ್ಮಲ್ಲಿ ರೂಢಿಯಲ್ಲಿದೆಯೇ?